172233ಕ್ಕೆ ಕರೆ ಹೋಗಬೇಕಾದರೆ

ಅಟ್ಟದಿಂದ ಇಳಿಸಿದ ಹಳೆಯ ಪಿಸಿ ಕರೆಂಟ್ ಕೊಟ್ಟೊಡನೆ ಗುರ್ರೆಂದು ವಿಂಡೋಸ್ 98ರ ಮುಗಿಲು ತೋರಿಸಿಬಿಟ್ಟರೆ ಸಾಕು, ಹೆಚ್ಚಿನ ಸಂಗ್ರಾಹಕರು ಗೆದ್ದೆವೆಂದುಕೊಳ್ಳುತ್ತಾರೆ. ಸಾಲಿಟೇರ್ ಆಡಿ, ಪೇಂಟ್‌ನಲ್ಲಿ ನಾಲ್ಕು ಗೆರೆ ಎಳೆದು ಮುಚ್ಚಿಡುತ್ತಾರೆ. ಆದರೆ ಆ ಪೆಟ್ಟಿಗೆಯ ಬೆನ್ನಿನಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುವುದು, ‘ಮೈ ಕಂಪ್ಯೂಟರ್’ ಒಳಗೆ ‘ಡಯಲ್ ಅಪ್ ನೆಟ್‌ವರ್ಕಿಂಗ್’ ಎಂಬ ಫೋಲ್ಡರ್ ಇರುವುದು ಸುಮ್ಮನೆ ಅಲ್ಲ. ಫೋನ್ ತಂತಿ ಹಿಡಿದು ಇನ್ನೊಂದು ಕಂಪ್ಯೂಟರಿನ ಜೊತೆ ಅದು ಮಾತಾಡಿದರೆ ಮಾತ್ರ ಪೂರ್ತಿ ಬದುಕಿದಂತೆ. ಆ ಮಾತು ಹೊರಡಿಸಲು ಮೋಡೆಮ್ ಜೊತೆ ಬರುತ್ತಿದ್ದ ಇಂಗ್ಲಿಷ್ ಕೈಪಿಡಿ ಶಿಕಾರಿಪುರ, ಸೊರಬಗಳಲ್ಲಿ ಸಾಲುತ್ತಿರಲಿಲ್ಲ. ಇಲ್ಲಿಯ ಲೈನಿಗೆ ಇಲ್ಲಿಯದೇ ಹೊಂದಾಣಿಕೆ ಬೇಕಿತ್ತು.

ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ಮಹಾನಗರಗಳ ಸೌಕರ್ಯ. ಶಿವಮೊಗ್ಗ ಜಿಲ್ಲೆಯ ತಾಲೂಕು ಪಟ್ಟಣದಿಂದ ಅದನ್ನು ಹಿಡಿಯಬೇಕಾದರೆ ಎಸ್‌ಟಿಡಿ ಕರೆಯೇ ಗತಿ, ಒಂದು ಇಮೇಲ್ ಕಳಿಸುವಷ್ಟರಲ್ಲಿ ಬಿಲ್ಲು ಏರುತ್ತಿತ್ತು. ಈ ಕಷ್ಟ ನೀಗಿಸಿದ್ದು 172 ಎಂಬ ಮೂರು ಅಂಕಿ. ಈ ಸಂಖ್ಯೆಯಿಂದ ಶುರುವಾಗುವ ಇಂಟರ್‌ನೆಟ್ ಕರೆಗೆ ಎಸ್‌ಟಿಡಿ ಕೋಡ್ ಬೇಕಿರಲಿಲ್ಲ, ಸರ್ವರ್ ಬೇರೆ ಊರಿನಲ್ಲಿದ್ದರೂ ಲೋಕಲ್ ದರ. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಹುಟ್ಟಿತು. ಅದರ ‘ಸಂಚಾರ್‌ನೆಟ್’ ಖಾತೆಯಿದ್ದವರು 172222ಕ್ಕೆ ಕರೆ ಮಾಡುತ್ತಿದ್ದರು. ಖಾತೆಯ ಗೊಡವೆಯೇ ಬೇಡವೆಂದವರಿಗೆ ‘ನೆಟ್‌ಒನ್’ ಬಂತು. 172233ಕ್ಕೆ ಡಯಲ್ ಮಾಡಿದರೆ ಫೋನ್ ನಂಬರೇ ಗುರುತು, ದುಡ್ಡು ಫೋನ್ ಬಿಲ್ಲಿನಲ್ಲೇ. ಎಕ್ಸ್‌ಚೇಂಜು ಕರೆ ಮಾಡಿದವರ ನಂಬರನ್ನು ಮುಂದಕ್ಕೆ ಸರಿಯಾಗಿ ದಾಟಿಸಬೇಕು, ಅಷ್ಟೇ ಷರತ್ತು. ಸಣ್ಣ ಊರುಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಆ ಕಾಲದಲ್ಲಿ ಬೇರೆ ಇರಲಿಲ್ಲ.

ಈ ಸರಳ ನಂಬರಿನಲ್ಲೇ ಮೊದಲ ತೊಡಕು. ವಿಂಡೋಸ್ ಹೊಸ ಕನೆಕ್ಷನ್ ಮಾಡುವಾಗ ಏರಿಯಾ ಕೋಡ್ ಕೇಳುತ್ತದೆ. ಶಿಕಾರಿಪುರದ ಕೋಡ್ 08187, ಸೊರಬದ್ದು 08184, ಶಿವಮೊಗ್ಗದ್ದು 08182. ಸರ್ವರ್ ಶಿವಮೊಗ್ಗದ ಕಡೆಯದೆಂದು ಯಾರಾದರೂ ಅಲ್ಲಿಯ ಕೋಡ್ ತುಂಬಿದರೆ ವಿಂಡೋಸ್ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಳ್ಳುತ್ತದೆ: ಊರು ಬೇರೆ ಎಂದು ತಿಳಿದು ನಂಬರಿನ ಮೊದಲು ಸೊನ್ನೆ ಮತ್ತು ಕೋಡ್ ಸೇರಿಸಿ ಡಯಲ್ ಮಾಡುತ್ತದೆ. ಕರೆ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ‘ಯೂಸ್ ಏರಿಯಾ ಕೋಡ್’ ಎಂಬ ಚೌಕದ ಟಿಕ್ ತೆಗೆದರೆ ಆರು ಅಂಕಿ ಮಾತ್ರ ಹೋಗುತ್ತಿದ್ದವು, ಕೆಲಸವಾಗುತ್ತಿತ್ತು.

ಇನ್ನೊಂದು ತೊಡಕು ಕಿವಿಯದು. ಎರರ್ 680, ‘ನೋ ಡಯಲ್ ಟೋನ್’. ರಿಸೀವರ್ ಎತ್ತಿದರೆ ಟೋನ್ ಚೆನ್ನಾಗಿಯೇ ಇರುತ್ತದೆ, ಮೋಡೆಮ್ ಮಾತ್ರ ಇಲ್ಲವೆನ್ನುತ್ತದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಜ್‌ನ ಎರಡು ಸ್ವರಗಳ ಜೋಡಿ. ಭಾರತದ್ದು 400 ಹರ್ಟ್ಜ್ ಆಸುಪಾಸಿನ, ಒಳಗೊಳಗೇ ನಡುಗುವ ಒಂದೇ ಸ್ವರ. ಆ ಕಡೆಯ ಮಾರುಕಟ್ಟೆಗೆಂದು ಮಾಡಿದ ಮೋಡೆಮ್ ತನಗೆ ಗೊತ್ತಿರುವ ಟೋನಿಗಾಗಿ ಕಾದು ಕಾದು ಕೈಬಿಡುತ್ತದೆ. ಮದ್ದು ಒಂದೇ ಸಾಲಿನದು. ಕಂಟ್ರೋಲ್ ಪ್ಯಾನೆಲ್, ಮೋಡೆಮ್ಸ್, ಪ್ರಾಪರ್ಟೀಸ್, ಕನೆಕ್ಷನ್, ಅಡ್ವಾನ್ಸ್ಡ್, ಅಲ್ಲಿ ‘ಎಕ್ಸ್‌ಟ್ರಾ ಸೆಟ್ಟಿಂಗ್ಸ್’ ಎಂಬ ಖಾಲಿ ಡಬ್ಬಿ. ಅದರಲ್ಲಿ ಎಕ್ಸ್3 ಎಂದು ಬರೆದರೆ ಮೋಡೆಮ್ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಲೈನ್ ಬಿಜಿ ಇದ್ದರೆ ಅದನ್ನು ಗುರುತಿಸುವ ಶಕ್ತಿ ಮಾತ್ರ ಉಳಿದಿರುತ್ತದೆ. ತಾಲೂಕು ಕೇಂದ್ರಗಳಲ್ಲಿ ನೆಟ್ ಹಾಕಿಕೊಡುತ್ತಿದ್ದ ಹುಡುಗರ ಕಸುಬಿನ ಮುಖ್ಯ ಗುಟ್ಟುಗಳಲ್ಲಿ ಇದೊಂದು. ಎಕ್ಸ್‌ಚೇಂಜು ಟೋನ್ ಡಯಲಿಂಗ್ ಒಪ್ಪದ ಕಡೆ ‘ಪಲ್ಸ್’ ಆರಿಸಬೇಕಿತ್ತು. ಆಗ ಮೋಡೆಮ್ ಹಳೆಯ ತಿರುಗುಡಯಲ್ ಫೋನಿನಂತೆ ಟಕಟಕ ಎಣಿಸುತ್ತ ಕರೆ ಮಾಡುತ್ತಿತ್ತು.

ಮೋಡೆಮ್ ಆಯ್ಕೆಯ ವಿಷಯದಲ್ಲಿ ಈ ಅಂಕಣದ ನಿಲುವು ಗಟ್ಟಿ. ಹೊರಗಿಡುವ, ಸೀರಿಯಲ್ ಕೇಬಲ್ಲಿನ ಮೋಡೆಮೇ ಬೇಕು. ಅಸೆಂಬಲ್ಡ್ ಸಿಸ್ಟಂ ಕೊಡುವವರು ಸಾಮಾನ್ಯವಾಗಿ ಒಳಗೆ ಪಿಸಿಐ ಕಾರ್ಡ್ ಹಾಕುತ್ತಿದ್ದರು, ಏಕೆಂದರೆ ಅಗ್ಗ. ಲೂಸೆಂಟ್ ಚಿಪ್ಪಿನ ಎಲ್‌ಟಿ ವಿನ್‌ಮೋಡೆಮ್, ಮೋಟೊರೋಲಾ ಎಸ್‌ಎಂ56 ಈ ಜಾತಿಯವು. ಮೋಡೆಮಿನ ಕೆಲಸದ ದೊಡ್ಡ ಪಾಲನ್ನು ಇವು ಕಂಪ್ಯೂಟರಿನ ಪ್ರೊಸೆಸರ್ ತಲೆಗೇ ಕಟ್ಟುತ್ತವೆ. ಪ್ರೊಸೆಸರ್ ಬಡವಾಗಿದ್ದರೆ ಲೈನ್ ಕಟ್ಟಾಗುತ್ತದೆ. ಡ್ರೈವರ್ ಇಲ್ಲದೆ ಕಾರ್ಡು ಬರೀ ತಗಡು. ಡಾಸ್‌ನಲ್ಲಿ ಸತ್ತಂತೆ, ಲಿನಕ್ಸ್‌ನಲ್ಲಿ ಹರಸಾಹಸ. ಹೊರಗಿನ ಮೋಡೆಮ್‌ಗೆ ಇಂಥ ಹಂಗಿಲ್ಲ. ಎಟಿ ಎಂದು ಕಳಿಸಿದರೆ ಓಕೆ ಎನ್ನುತ್ತದೆ, ಕಳಿಸಿದ್ದು ಡಾಸೋ ವಿಂಡೋಸೋ ಲಿನಕ್ಸೋ ಅದಕ್ಕೆ ಬೇಕಿಲ್ಲ. ಮುಖದ ಮೇಲಿನ ದೀಪಗಳಿಂದ ದೋಷ ಎಲ್ಲಿದೆಯೆಂದೂ ತಿಳಿಯುತ್ತದೆ: ಸಿಡಿ (ಕ್ಯಾರಿಯರ್ ಡಿಟೆಕ್ಟ್) ದೀಪ ಹೊತ್ತಿ ಆರಿದರೆ ಲೈನು ಸರಿಯಿಲ್ಲ, ಹೊತ್ತಿಯೇ ಇದ್ದು ಎರರ್ 691 ಬಂದರೆ ಪಾಸ್‌ವರ್ಡ್ ತಪ್ಪು.

ಆದರೆ ಹೊರಗಿನ ಮೋಡೆಮ್‌ಗೂ ಒಂದು ಷರತ್ತಿದೆ. 386, ಆರಂಭದ 486 ಯಂತ್ರಗಳ ಸೀರಿಯಲ್ ಪೋರ್ಟಿನಲ್ಲಿ 8250 ಅಥವಾ 16450 ಚಿಪ್ ಇರುತ್ತದೆ. ಅದು ಒಂದು ಸಲಕ್ಕೆ ಒಂದೇ ಬೈಟ್ ಹಿಡಿದಿಡಬಲ್ಲದು. ಪ್ರೊಸೆಸರ್ ಬಂದು ಎತ್ತಿಕೊಳ್ಳುವುದರೊಳಗೆ ಇನ್ನೊಂದು ಬೈಟ್ ಬಂದರೆ ಮೊದಲಿನದು ಹೋಯಿತು. 16550ಎ ಚಿಪ್ ಹದಿನಾರು ಬೈಟುಗಳನ್ನು ಸಾಲಾಗಿ ಕಾಯಿಸುತ್ತದೆ. ವಿಂಡೋಸ್‌ನಂತಹ ಹಲವು ಕೆಲಸ ಒಟ್ಟಿಗೆ ಮಾಡುವ ವ್ಯವಸ್ಥೆಯಲ್ಲಿ 33.6 ಕಿಲೋಬಿಟ್ ಮೋಡೆಮ್ ನೆಮ್ಮದಿಯಾಗಿ ಓಡಬೇಕಾದರೆ ಇದು ಇರಲೇಬೇಕು. ಡಾಸ್ ಪ್ರಾಂಪ್ಟಿನಲ್ಲಿ ಎಂಎಸ್‌ಡಿ ಎಂದು ಹೊಡೆದು ‘ಕಾಮ್ ಪೋರ್ಟ್ಸ್’ ತೆರೆದರೆ ಯಾವ ಚಿಪ್ ಎಂದು ಹೆಸರು ಹೇಳುತ್ತದೆ. ಮೋಡೆಮ್ ಬದಲಿಸುವ ಮೊದಲು ಇದನ್ನು ನೋಡಬೇಕು.

ಸಾಫ್ಟ್‌ವೇರಿನ ವಂಶಾವಳಿ ಇನ್ನೂ ಸ್ವಾರಸ್ಯ. ವಿಂಡೋಸ್ 3.1ರಲ್ಲಿ ಇಂಟರ್‌ನೆಟ್ ಭಾಷೆಯಾದ ಟಿಸಿಪಿ/ಐಪಿ ಇರಲೇ ಇಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಕೂತು ಪೀಟರ್ ಟಾಟಮ್ ಬರೆದ ‘ಟ್ರಂಪೆಟ್ ವಿನ್‌ಸಾಕ್’ ಆ ಕೊರತೆ ತುಂಬಿತು. ಅದರ ಲಾಗಿನ್ ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ತಿದ್ದಿ, ಸರ್ವರ್ ಏನು ಕೇಳಿದರೆ ಏನು ಉತ್ತರಿಸಬೇಕೆಂದು ಸಾಲುಸಾಲಾಗಿ ಬರೆಯಬೇಕು. ವಿಂಡೋಸ್ 95 ಬಂದಾಗ ಡಯಲ್ ಅಪ್ ಅದರೊಳಗೇ ಸೇರಿತು, ಆದರೆ ಅರೆಮನಸ್ಸಿನಿಂದ. ಡಯಲ್ ಅಪ್ ಅಡಾಪ್ಟರ್ ಹಾಕಿದರೆ ಐಪಿಎಕ್ಸ್, ನೆಟ್‌ಬ್ಯೂಯಿ ಎಂಬ ಬೇರೆ ಜಾಲಭಾಷೆಗಳು ತಾವಾಗಿ ಬಂದು ಕೂರುತ್ತವೆ. ನಿಜವಾಗಿ ಬೇಕಾದ ಟಿಸಿಪಿ/ಐಪಿಯನ್ನು ಕೈಯಾರೆ ಸೇರಿಸಬೇಕು, ಅದಕ್ಕೆ ವಿಂಡೋಸ್ ಸಿಡಿ ಬೇಕು. ಹಳೆಯ ಪ್ಯಾಕೇಜು ಯಾವುದಾದರೂ ತನ್ನ 16 ಬಿಟ್ಟಿನ ‘ವಿನ್‌ಸಾಕ್.ಡಿಎಲ್‌ಎಲ್’ ಫೈಲನ್ನು ವಿಂಡೋಸ್ ಫೋಲ್ಡರಿಗೆ ಸುರಿದರೆ ಹೊಸದು ನಿಂತುಹೋಗುತ್ತದೆ. ಕನೆಕ್ಟ್ ಆಗಿದೆ, ಆದರೆ ಯಾವ ಪುಟವೂ ತೆರೆಯದು ಎಂಬ ದೂರಿನ ಹಿಂದೆ ಹಲವು ಸಲ ಈ ಒಂದೇ ಫೈಲ್ ಇರುತ್ತದೆ. ವಿಂಡೋಸ್ 98 ಎರಡನೇ ಆವೃತ್ತಿಯಲ್ಲಿ ಈ ರಗಳೆಗಳು ಬಹುಪಾಲು ಇಲ್ಲ. ಹಳೆಯ ಪಿಸಿಯಲ್ಲಿ ಡಯಲ್ ಅಪ್ ಮಾಡುವವರಿಗೆ ಅದಕ್ಕಿಂತ ಹದವಾದ ವ್ಯವಸ್ಥೆ ಬಂದಿಲ್ಲ.

ಇಷ್ಟೆಲ್ಲ ಸರಿಯಿದ್ದೂ 56 ಕಿಲೋಬಿಟ್ ಎಂದು ಡಬ್ಬಿಯ ಮೇಲೆ ಬರೆದ ವೇಗ ಹಳ್ಳಿಯಲ್ಲಿ ಸಿಗುತ್ತಿರಲಿಲ್ಲ. 1998ರ ವಿ.90 ಮಾನದಂಡ ನಿಂತಿರುವುದೇ ಒಂದು ಊಹೆಯ ಮೇಲೆ: ಸರ್ವರಿನಿಂದ ಚಂದಾದಾರರ ಎಕ್ಸ್‌ಚೇಂಜಿನವರೆಗೆ ದಾರಿ ಪೂರ್ತಿ ಡಿಜಿಟಲ್, ಮನೆಗೆ ಬರುವ ಕೊನೆಯ ತಂತಿ ಮಾತ್ರ ಅನಲಾಗ್. ನಡುವೆ ಎಲ್ಲಿಯಾದರೂ ಇನ್ನೊಮ್ಮೆ ಅನಲಾಗ್ ಆಯಿತೋ, ಮೋಡೆಮ್ 33.6 ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಭಾರತದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜಿನ ಕಥೆ ಆರಂಭವಾದದ್ದೂ ಕರ್ನಾಟಕದಲ್ಲೇ. ಸಿ-ಡಾಟ್ ಸಂಸ್ಥೆಯ 128 ಪೋರ್ಟಿನ ‘ರ‍್ಯಾಕ್ಸ್’ 1986ರಲ್ಲಿ ಕಿತ್ತೂರಿನಲ್ಲಿ ಮೊದಲ ಬಾರಿ ಚಾಲೂ ಆಯಿತು. ಎಸಿ ಇಲ್ಲದ ಕೋಣೆಯಲ್ಲಿ, ಧೂಳು ಸೆಕೆಗಳ ನಡುವೆ ನಡೆಯುವಂತೆ ರೂಪಿಸಿದ ಆ ಪೆಟ್ಟಿಗೆ ಮಾತಿಗೆ ಬಹಳ ಚೆನ್ನು. ಆದರೆ ಇಂತಹ ಎಕ್ಸ್‌ಚೇಂಜನ್ನು ತಾಲೂಕು ಕೇಂದ್ರಕ್ಕೆ ಜೋಡಿಸಿದ ಕೊಂಡಿ ಎಂಥದ್ದು, ಕಂಬದಿಂದ ಕಂಬಕ್ಕೆ ಬಂದ ತಂತಿಯ ಜಾಯಿಂಟುಗಳು ಎಷ್ಟು ತುಕ್ಕು ಹಿಡಿದಿವೆ, ಇವೇ ವೇಗವನ್ನು ತೀರ್ಮಾನಿಸುತ್ತಿದ್ದವು.

ಇಂತಹ ಲೈನಿನಲ್ಲಿ 56 ಬೇಕೆಂದು ಹಟ ಹಿಡಿಯುವ ಮೋಡೆಮ್ ಪದೇ ಪದೇ ಕಡಿದುಕೊಳ್ಳುತ್ತದೆ. ಅದನ್ನು ಮೊದಲೇ ತಗ್ಗಿಸುವುದು ಜಾಣತನ. ರಾಕ್‌ವೆಲ್, ಕೊನೆಕ್ಸಂಟ್ ಚಿಪ್ಪಿನವಕ್ಕೆ +ಎಂಎಸ್=ವಿ34 ಎಂಬ ಆಜ್ಞೆ, ಜೊತೆಗೆ ಎಸ್10=50. ಎರಡನೆಯದು ಕ್ಯಾರಿಯರ್ ಸದ್ದು ಐದು ಸೆಕೆಂಡು ಕಾಣೆಯಾದರೂ ಕರೆ ಕಡಿಯದಂತೆ ತಾಳ್ಮೆ ಕೊಡುತ್ತದೆ. 33.6ರಲ್ಲಿ ಸೆಕೆಂಡಿಗೆ ಸುಮಾರು 4 ಕಿಲೋಬೈಟ್, ಒಂದು ಎಂಬಿಗೆ ನಾಲ್ಕು ನಿಮಿಷದ ಮೇಲೆ. ನಿಧಾನವೇ, ಆದರೆ ಅರ್ಧಕ್ಕೆ ನಿಲ್ಲದೆ ಮುಗಿಯುವ ನಿಧಾನ.

ತಂತಿ ಎಳೆಯಲಾಗದ ಕಾಡಂಚಿನ ಮನೆಗಳಿಗೆಂದು ಬಂದ ಡಬ್ಲ್ಯುಎಲ್‌ಎಲ್ ಫೋನು ಈ ಆಟದ ಹೊರಗೆ. ಈ ನಿಸ್ತಂತು ಸಿಡಿಎಂಎ ಫೋನು ಮನುಷ್ಯನ ದನಿಗೆ ಹೊಂದುವಂತೆ ಸದ್ದನ್ನು ಹಿಂಡಿ ಕಳಿಸುತ್ತಿತ್ತು. ಮೋಡೆಮಿನ ಸ್ವರ ಆ ಹಿಂಡುವಿಕೆಯಲ್ಲಿ ಉಳಿಯುತ್ತಿರಲಿಲ್ಲ. ಅಲ್ಲಿ ಡೇಟಾ ಕೇಬಲ್ ಹಾಕಿ #777ಕ್ಕೆ ಕರೆ ಮಾಡುವುದು ಬೇರೆಯದೇ ದಾರಿಯಾಗಿತ್ತು. ಇನ್ನು ಮಳೆಗಾಲ. ಸೊರಬದ ಕಡೆ ಮೊದಲ ಗುಡುಗಿಗೇ ಫೋನ್ ತಂತಿ ಕಿತ್ತಿಡದಿದ್ದರೆ ಸಿಡಿಲು ಮೋಡೆಮನ್ನು ಸುಟ್ಟು, ಒಳಗಿನ ಕಾರ್ಡಾದರೆ ಮದರ್‌ಬೋರ್ಡಿಗೂ ದಾಟಬಹುದು. ಹೊರಗಿನ ಮೋಡೆಮ್ ಪರವಾಗಿ ಇದು ಇನ್ನೊಂದು ಮಾತು.

ಈಚೆಗೆ ಈ ಲೋಕದ ಎರಡು ಬಾಗಿಲು ಮುಚ್ಚಿದವು. ಅಮೆರಿಕದ ಎಒಎಲ್ ತನ್ನ ಡಯಲ್ ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ಎರಡು ವಾರದ ನಂತರ, ಅಕ್ಟೋಬರ್ 14ರ ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನಿಂದ ಎಲ್‌ಟಿಎಂಡಿಎಂ64 ಎಂಬ ಮೋಡೆಮ್ ಡ್ರೈವರನ್ನೇ ಕಿತ್ತುಹಾಕಿತು. ಅದರಲ್ಲಿದ್ದ ಭದ್ರತಾ ಬಿರುಕನ್ನು ದಾಳಿಕೋರರು ಬಳಸುತ್ತಿದ್ದರು, ಹಾಗಾಗಿ ತೆಗೆದದ್ದು ಸರಿಯೇ. ಹೆಸರಿನ ಆರಂಭದ ಎಲ್‌ಟಿ ಲೂಸೆಂಟ್‌ನ ಗುರುತು. ಒಂದು ಕಾಲಕ್ಕೆ ಅಸೆಂಬಲ್ಡ್ ಪಿಸಿಗಳಲ್ಲಿ ಕೂತಿದ್ದ ವಿನ್‌ಮೋಡೆಮಿನ ಕುಲದ್ದೇ ಈ ಡ್ರೈವರ್. ಹೊಸ ವಿಂಡೋಸ್‌ನಲ್ಲಿ ಆ ಕುಲದ ಕಾರ್ಡಿಗೆ ಇನ್ನು ಜಾಗವಿಲ್ಲ. ಡ್ರೈವರ್ ಸಿಡಿಗಳನ್ನು ಈಗಲೇ ಇಮೇಜ್ ಮಾಡಿಟ್ಟುಕೊಳ್ಳಬೇಕಾದದ್ದು ಇದಕ್ಕೇ. ಸಿಡಿಯ ಮೇಲ್ಪದರ ಕಾಯುವುದಿಲ್ಲ.

ಹಾಗಾದರೆ ಇಂದು ಕರೆ ಮಾಡುವುದು ಯಾರಿಗೆ? ಫೈಬರ್ ಪೆಟ್ಟಿಗೆಯ ಫೋನ್ ಕಿಂಡಿಯನ್ನು ನೆಚ್ಚುವಂತಿಲ್ಲ. ಅಲ್ಲಿ ದನಿ ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ, ಪೊಟ್ಟಣಗಳ ನಡುವಿನ ಸಣ್ಣ ಏರುಪೇರೂ ಮೋಡೆಮನ್ನು ದಿಕ್ಕುತಪ್ಪಿಸುತ್ತದೆ. ಒಳ್ಳೆಯ ದಾರಿ ಗುಜರಿಯಲ್ಲಿದೆ. ಲಾಡ್ಜು, ನರ್ಸಿಂಗ್ ಹೋಮುಗಳು ತೆಗೆದುಹಾಕಿದ ಸಣ್ಣ ಇಂಟರ್‌ಕಾಮ್ ಇಪಿಎಬಿಎಕ್ಸ್ ಒಂದು ಸಿಕ್ಕರೆ ಮೇಜಿನ ಮೇಲೆಯೇ ಎಕ್ಸ್‌ಚೇಂಜು: ಡಯಲ್ ಟೋನ್, ರಿಂಗು, ಲೈನಿನ ವೋಲ್ಟೇಜು ಎಲ್ಲ ಅದೇ ಕೊಡುತ್ತದೆ. ಒಂದು ಎಕ್ಸ್‌ಟೆನ್ಶನ್ನಿಗೆ ವಿಂಡೋಸ್ 98ರ ಪಿಸಿ, ಇನ್ನೊಂದಕ್ಕೆ ಯುಎಸ್‌ಬಿ ಮೋಡೆಮ್ ಹಾಕಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಪೈ ಮೇಲೆ ಕರೆ ಎತ್ತಲು ಎಂಗೆಟ್ಟಿ, ಮಾತು ಮುಂದುವರಿಸಲು ಪಿಪಿಪಿಡಿ, ಎರಡೂ ಲಿನಕ್ಸ್‌ನಲ್ಲಿ ಉಚಿತ. ಯುಎಸ್‌ಬಿ ಮೋಡೆಮ್ ಕೊಳ್ಳುವಾಗ ಮಾತ್ರ ಒಳಗೆ ಕಂಟ್ರೋಲರ್ ಇರುವುದನ್ನೇ ನೋಡಿ ಕೊಳ್ಳಬೇಕು. ಇಲ್ಲವಾದರೆ ವಿನ್‌ಮೋಡೆಮಿನ ಕಾಟವೇ ಮತ್ತೆ. ಪಿಸಿಯಲ್ಲಿ ಡಯಲ್ ನಂಬರಿನ ಜಾಗದಲ್ಲಿ ಎಕ್ಸ್‌ಟೆನ್ಶನ್ ನಂಬರು, ‘ಲಾಗ್ ಆನ್ ಟು ನೆಟ್‌ವರ್ಕ್’ ಟಿಕ್ ತೆಗೆಯುವುದು, ಎಕ್ಸ್3 ಹೇಗೂ ಇರಲಿ.

ಕನೆಕ್ಟ್ ಆದ ಮೇಲೆ ಕನ್ನಡದ ಪ್ರಶ್ನೆ. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ತಾಣವನ್ನು ಅಂತರಜಾಲಕ್ಕೆ ತಂದಾಗಲೂ, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದಾಗಲೂ ಕಂಪ್ಯೂಟರಿನ ಮಟ್ಟಿಗೆ ಕನ್ನಡ ಎಂದರೆ ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು. ಯೂನಿಕೋಡ್ ಕನ್ನಡವನ್ನು ಒತ್ತಕ್ಷರ ಸಮೇತ ಜೋಡಿಸುವ ಶಕ್ತಿ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಆದ್ದರಿಂದ 98ರ ಯಂತ್ರದಲ್ಲಿ ಇಂದಿನ ಕನ್ನಡ ಪುಟ ಬರೀ ಚೌಕಗಳು. ಅದಕ್ಕೂ ಮೊದಲೇ ಬೀಗ ಬಿದ್ದಿರುತ್ತದೆ: ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ಕ್ಕೆ ಗೊತ್ತಿರುವ ಗೂಢಲಿಪಿಯನ್ನು ಇಂದಿನ ಸರ್ವರುಗಳು ಒಪ್ಪುವುದಿಲ್ಲ.

ಎರಡಕ್ಕೂ ಪರಿಹಾರ ಅದೇ ಪೈ ಮೇಲಿದೆ. ವೆಬ್ ರೆಂಡರಿಂಗ್ ಪ್ರಾಕ್ಸಿ ಎಂಬ ತಂತ್ರಾಂಶ ಪುಟವನ್ನು ತಾನೇ ಹೊಸ ಬ್ರೌಸರಿನಲ್ಲಿ ತೆರೆದು, ಇಡೀ ಪುಟವನ್ನು ಒಂದು ಜಿಫ್ ಚಿತ್ರ ಮಾಡಿ ಹಳೆಯ ಪಿಸಿಗೆ ಕಳಿಸುತ್ತದೆ. ಚಿತ್ರದ ಮೇಲೆ ಎಲ್ಲಿ ಕ್ಲಿಕ್ ಮಾಡಿದರೂ ಆ ಜಾಗದ ಕೊಂಡಿ ತೆರೆಯುತ್ತದೆ. ಪೈನಲ್ಲಿ ಕನ್ನಡ ಫಾಂಟ್ ಹಾಕಿದ್ದರೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಸರಿಯಾಗಿ ಮೂಡುತ್ತವೆ. ಚಿತ್ರದ ಬಣ್ಣ ಹದಿನಾರಕ್ಕೆ ಇಳಿಸಿ, ಅಗಲ 640ಕ್ಕೆ ಕಟ್ಟಬೇಕು. 100 ಕಿಲೋಬೈಟಿನ ಪುಟವಾದರೆ 33.6ರಲ್ಲಿ ಅರ್ಧ ನಿಮಿಷದೊಳಗೆ ಪೂರ್ತಿ ಇಳಿಯುತ್ತದೆ.