ವಕೀಲರನ್ನು ಕೇಳಿ ಮಾಡಿದ ಕೊಲೆ

ಮೈಸೂರಿನಿಂದ ಮಡಿಕೇರಿಗೆ ಹೊರಟ ಪ್ರವಾಸಿಗರ ಕಾರುಗಳು ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿಯೇ ಹೋಗಬೇಕು, ಎಲ್ಲವೂ ನಿಲ್ಲುವುದಿಲ್ಲ. ಈ ದಾರಿಯ ಅಂಗಡಿಕಾರರಿಗೆ ಸಾಶಾ ಗಿತ್ರಿಯ 1951ರ ಫ್ರೆಂಚ್ ಚಿತ್ರ ‘ಲಾ ಪ್ವಾಜೋಂ’ನ ರೆಮೋಂವಿಲ್ ಹಳ್ಳಿ ಪರಕೀಯವೆನಿಸದು. ವ್ಯಾಪಾರವಿಲ್ಲದೆ ಕಂಗೆಟ್ಟ ಅಲ್ಲಿನ ಅಂಗಡಿಯವರು, ಊರಲ್ಲೊಂದು ಪವಾಡ ನಡೆಸಿಕೊಡಿ ಎಂದು ಪಾದ್ರಿಯನ್ನು ಕೇಳುತ್ತಾರೆ. ಆತ ಒಪ್ಪುವುದಿಲ್ಲ. ಬಿ.ವಿ. ವೈಕುಂಠರಾಜು ಅವರ ಕಾದಂಬರಿಯನ್ನು ಆಧರಿಸಿದ ನಮ್ಮ ‘ಉದ್ಭವ’ (1990) ಚಿತ್ರದಲ್ಲಿ ಗಣಪತಿಯೇ ಮೂಡಿಬರುತ್ತಾನೆ. ರೆಮೋಂವಿಲ್‌ಗೆ ಆ ಭಾಗ್ಯವಿಲ್ಲ. ಅದನ್ನು ಕಾಯುವುದು ಒಂದು ಕೊಲೆ.

ಪೋಲ್ ಮತ್ತು ಬ್ಲಾಂದೀನ್ ಒಬ್ಬರನ್ನೊಬ್ಬರು ಸಹಿಸಲಾರದ ಗಂಡ ಹೆಂಡತಿ. ನೂರನೆಯ ಆರೋಪಿಯನ್ನು ಬಿಡಿಸಿದ ವಕೀಲನ ಮಾತನ್ನು ರೇಡಿಯೋದಲ್ಲಿ ಕೇಳಿದ ಪೋಲ್ ಪ್ಯಾರಿಸಿಗೆ ಹೋಗಿ, ‘ಹೆಂಡತಿಯನ್ನು ಕೊಂದೆ’ ಎನ್ನುತ್ತಾನೆ. ಇನ್ನೂ ಕೊಂದಿರುವುದಿಲ್ಲ. ವಕೀಲ ಕೇಳುವ ಒಂದೊಂದು ಪ್ರಶ್ನೆಯಿಂದಲೂ, ಹೇಗೆ ಕೊಂದರೆ ಪಾರಾಗಬಹುದೆಂದು ಕಲಿತು ಊರಿಗೆ ಮರಳುತ್ತಾನೆ. ಮಿಶೆಲ್ ಸಿಮೋಂ ಇದನ್ನು ಕೇಡಿಯಂತೆ ಅಭಿನಯಿಸುವುದಿಲ್ಲ. ಪಹಣಿ ತಿದ್ದುಪಡಿಗೆ ಬಂದ ರೈತನಷ್ಟು ವಿನಯದಿಂದ ಕೂರುತ್ತಾನೆ. ನಗು ಬರುವುದು ಅಲ್ಲಿ.

ಗಿತ್ರಿಯ ವ್ಯಂಗ್ಯಕ್ಕೆ ಕಾರಣವಿತ್ತು. ಜರ್ಮನ್ನರೊಡನೆ ಕೈಜೋಡಿಸಿದನೆಂಬ ಶಂಕೆಯ ಮೇಲೆ 1944ರಲ್ಲಿ ಅವನನ್ನು 60 ದಿನ ಸೆರೆಯಲ್ಲಿಟ್ಟರು. 1947ರಲ್ಲಿ ಪ್ರಕರಣ ಕೈಬಿಟ್ಟರು. ಚಿತ್ರದ ಜೈಲುಕೋಣೆ ತನ್ನ ನೆನಪಿನಿಂದ ಕಟ್ಟಿಸಿದ್ದೆಂದು ಆರಂಭದಲ್ಲಿ ಅವನೇ ಹೇಳುತ್ತಾನೆ. ನ್ಯಾಯಾಲಯದಲ್ಲಿ ಪೋಲ್ ತೋರುವ ಉದ್ಧಟತನದಲ್ಲಿ ನಿರ್ದೇಶಕನ ಹಳೆಯ ಸಿಟ್ಟೂ ಮಾತಾಡುತ್ತದೆ.

ಆದರೆ ಈ ಸಿಟ್ಟು ಎಲ್ಲರ ಪರವಾಗಿ ಮಾತಾಡುವುದಿಲ್ಲ. ಫ್ರೆಂಚಿನಲ್ಲಿ ‘ವಿಷ’ ಪುಲ್ಲಿಂಗ. ಗಿತ್ರಿ ಅದಕ್ಕೆ ಸ್ತ್ರೀಲಿಂಗದ ‘ಲಾ’ ಹಚ್ಚಿದ್ದಾನೆ. ಆಗ ಅದರ ಅರ್ಥ ‘ಪೀಡೆಯಂಥ ಹೆಂಗಸು’. ಚಿತ್ರ ಶುರುವಾಗುವ ಮೊದಲೇ ಬ್ಲಾಂದೀನಳ ಮೇಲೆ ತೀರ್ಪು ಬಿದ್ದಾಯಿತು. ಅವಳೂ ಗಂಡನಿಗೆ ಇಲಿಪಾಷಾಣ ಕೊಂಡಿಟ್ಟವಳೇ, ನಿಜ. ಅವಳನ್ನು ಕುಡುಕಿಯಾಗಿ ತೋರಿಸುವ ಚಿತ್ರ, ಯಾಕೆ ಕುಡಿಯುತ್ತಾಳೆಂದು ಕೇಳುವುದಿಲ್ಲ. ಗಂಡನಿಗೆ ಪಾದ್ರಿ, ವಕೀಲ, ಊರು, ಎಲ್ಲರೂ ಕಿವಿಗೊಡುತ್ತಾರೆ. ಅವಳಿಗೆ ಇರುವುದು ಬಾಟಲಿಯೊಂದೇ.

ಕೊಲೆಯಿಂದ ಊರಿಗೆ ಜನ ಬರುತ್ತಾರೆ, ವ್ಯಾಪಾರ ಕುದುರುತ್ತದೆ, ಅಂಗಡಿಯವರು ಜೈಲಿಗೇ ಹೋಗಿ ಪೋಲ್‌ನನ್ನು ಕಾಣುತ್ತಾರೆ. ಇಲ್ಲಿ ಚಿತ್ರ ತನ್ನ ನಾಯಕನಿಗಿಂತ ಬುದ್ಧಿವಂತವಾಗುತ್ತದೆ: ಸತ್ತವಳಿಂದ ಲಾಭ ಪಡೆದ ಊರು ಕೊಂದವನನ್ನು ದ್ವೇಷಿಸಲಾರದು. ‘ಲಾ ಪ್ವಾಜೋಂ’ ನೋಡಿ ನಗಬೇಕು, ನಾನೂ ನಕ್ಕಿದ್ದೇನೆ. ನಕ್ಕಾದ ಮೇಲೆ, ಅವಳಿಗೂ ಒಬ್ಬ ವಕೀಲ ಸಿಕ್ಕಿದ್ದರೆ ಏನು ಹೇಳುತ್ತಿದ್ದಳು ಎಂದು ಯೋಚಿಸದೆ ಏಳುವುದು ಕಷ್ಟ.