ಮಾರ್ಚ್ ತಿಂಗಳ ನೆರಳು

ಮನೆ ಕಟ್ಟಿ ಮುಗಿಸಿ, ಗೇಟಿನ ಪಕ್ಕ ಉಳಿದ ಐದಾರು ಅಡಿ ಮಣ್ಣಿಗೆ ಮರವೊಂದನ್ನು ಹುಡುಕಿಕೊಂಡು ನರ್ಸರಿಗೆ ಹೋಗುವವರ ಮೊದಲ ಪ್ರಶ್ನೆ ಬಹುತೇಕ ಒಂದೇ: ಹೂವು ಯಾವ ಬಣ್ಣ? ಜನವರಿ, ಫೆಬ್ರುವರಿಯಲ್ಲಂತೂ ಈ ಪ್ರಶ್ನೆಯ ಜೊತೆಗೆ ಮೊಬೈಲಿನಲ್ಲಿ ಒಂದು ಫೋಟೊ ಕೂಡ ಇರುತ್ತದೆ. ಬೆಂಗಳೂರಿನ ಯಾವುದೋ ರಸ್ತೆಯಲ್ಲಿ ಮೈತುಂಬ ಗುಲಾಬಿ ಹೂ ಹೊತ್ತು ನಿಂತ ಟಬೂಬಿಯಾ, ‘ಇಂಥದ್ದೇ ಬೇಕು’ ಎಂಬ ಬೇಡಿಕೆ. ಆಸೆ ತಪ್ಪಲ್ಲ, ಕೇಳಿದ ಪ್ರಶ್ನೆ ತಪ್ಪು. ಮೂವತ್ತು-ನಲವತ್ತರ ಸೈಟಿನಲ್ಲಿ ಒಂದೇ ಒಂದು ಮರಕ್ಕೆ ಜಾಗವಿರುವಾಗ ಕೇಳಬೇಕಾದ್ದು ಹೂವಿನ ಬಣ್ಣವನ್ನಲ್ಲ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಆ ಮರದ ಮೇಲೆ ಎಲೆ ಇರುತ್ತದೆಯೇ ಎಂಬುದನ್ನು. ಋತುವಿಗೆ ತಕ್ಕ ಚೆಲುವು ಬೇಕೆನ್ನುವವರಿಗೂ ಇದೇ ಪ್ರಶ್ನೆಯಿಂದ ಹೆಚ್ಚು ಲಾಭ ಎಂಬುದು ನನ್ನ ವಾದ.

ನಮ್ಮಲ್ಲಿ ಬೆರಗು ಹುಟ್ಟಿಸುವ ಹೂಮರಗಳ ಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿ. ಗುಲಾಬಿ ಟಬೂಬಿಯಾ ಚಳಿಗಾಲದಿಂದ ಶುರುವಾಗುತ್ತದೆ, ಹಳದಿಯದು ಫೆಬ್ರುವರಿ, ಮಾರ್ಚ್‌ನಲ್ಲಿ. ಅದರ ಬೆನ್ನಿಗೆ ಜಕರಾಂಡ. ಮುತ್ತುಗ, ಬೂರುಗ, ಹಾಲುವಾಣ ಇವೆಲ್ಲ ಶಿವರಾತ್ರಿಯ ಆಸುಪಾಸು. ಕಕ್ಕೆ ಮತ್ತು ಗುಲ್‌ಮೊಹರ್ ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ. ಇವುಗಳಲ್ಲಿ ಹೆಚ್ಚಿನವು ಕಣ್ಣು ಕುಕ್ಕುವುದಕ್ಕೆ ಕಾರಣ ಸರಳ: ಹೂ ಬಿಡುವಾಗ ಕೊಂಬೆಯಲ್ಲಿ ಎಲೆ ಇರುವುದಿಲ್ಲ, ಅಥವಾ ಇದ್ದರೂ ಅಲ್ಪಸ್ವಲ್ಪ. ಒಣ ತಿಂಗಳುಗಳಲ್ಲಿ ಎಲೆಯ ಮೂಲಕ ನೀರು ಆವಿಯಾಗಿ ಹೋಗದಿರಲೆಂದು ಮರ ಎಲೆ ಉದುರಿಸುತ್ತದೆ; ಬೋಳು ಕೊಂಬೆಯ ಮೇಲಿನ ಹೂ ಹಕ್ಕಿಗೂ ಜೇನಿಗೂ ದೂರದಿಂದ ಕಾಣುತ್ತದೆ ಎಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ. ಮರಕ್ಕೆ ಇದು ಜಾಣ ಲೆಕ್ಕ, ಮನೆಯವರಿಗೆ ನಷ್ಟದ ಲೆಕ್ಕ. ಹೂವಿನ ಅಬ್ಬರ ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಆದರೆ ಬಿಸಿಲು ಏರುತ್ತಿರುವ ತಿಂಗಳಲ್ಲಿ ಅಂಗಳಕ್ಕೆ ಉಳಿಯುವುದು ಕಡ್ಡಿಗಳ ನೆರಳು. ಗುಲ್‌ಮೊಹರ್ ನೆಟ್ಟವರು ಇದನ್ನು ಚೆನ್ನಾಗಿ ಬಲ್ಲರು: ಮಾರ್ಚ್‌ನಲ್ಲಿ ಒಣಗಿದ ಕತ್ತಿಯಂಥ ಕಾಯಿಗಳು ಗಾಳಿಗೆ ಕಟಕಟ ಸದ್ದು ಮಾಡುತ್ತಿರುತ್ತವೆ, ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಮುಟ್ಟಲಾಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಬೆಂಗಳೂರನ್ನೇ ಸಾಕ್ಷಿಗೆ ಕರೆಯುತ್ತದೆ. ಹೂಮರಗಳ ಮೇಲೇ ಕಟ್ಟಿದ ಊರಲ್ಲವೇ ಅದು? ಹೌದು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜಿ.ಎಚ್. ಕೃಂಬಿಗಲ್ ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಯೋಜನೆಯೇ ಸರಣಿ ಹೂಬಿಡುವಿಕೆ. ಒಂದು ರಸ್ತೆಯ ಹೂ ಮುಗಿಯುತ್ತಿದ್ದಂತೆ ಇನ್ನೊಂದು ರಸ್ತೆಯದು ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಬಣ್ಣವಿಲ್ಲದೆ ಇರಬಾರದು. ಸೊಗಸಾದ ಕಲ್ಪನೆ, ಮತ್ತು ಫಲ ಕೊಟ್ಟ ಕಲ್ಪನೆ. ಆದರೆ ಅದು ಸಾವಿರಾರು ಮರಗಳನ್ನು ನೆಡಬಲ್ಲ ಸಂಸ್ಥಾನದ ಕೈಯಲ್ಲಿದ್ದ ಲೆಕ್ಕ. ಕಬ್ಬನ್ ಪಾರ್ಕಿನಲ್ಲಿ ಒಂದು ಮರ ಬೋಳಾಗಿ ನಿಂತರೆ ಪಕ್ಕದ ಮಳೆಮರದ ಅಡಿಗೆ ಸರಿದು ಕೂರಬಹುದು. ಮನೆಯಂಗಳದಲ್ಲಿ ಸರಿದು ಹೋಗಲು ಎರಡನೆಯ ಮರ ಎಲ್ಲಿದೆ? ಊರಿನ ಸೂತ್ರವನ್ನು ಸೈಟಿಗೆ ತಂದರೆ ಸರಣಿ ಮಾಯವಾಗಿ ಒಂದು ಕೊಂಡಿ ಮಾತ್ರ ಉಳಿಯುತ್ತದೆ, ಅದೂ ವರ್ಷದ ಮೂರು ವಾರಕ್ಕೆ. ಹೂವನ್ನು ಬೀದಿಗೆ ಬಿಡೋಣ. ಅಲ್ಲಿ ಅದನ್ನು ಎಲ್ಲರೂ ನೋಡಬಹುದು, ಗುಡಿಸುವ ಹೊಣೆಯೂ ಹಂಚಿಹೋಗುತ್ತದೆ.

ನೆರಳಿನ ಬೆಲೆಯನ್ನು ಅಂದಾಜಿನಲ್ಲಿ ಹೇಳಬೇಕಾಗಿಲ್ಲ. ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಮರವಿರುವ ಮತ್ತು ಮರವಿಲ್ಲದ ರಸ್ತೆಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯಾಹ್ನ ಮರಗಳ ಅಡಿಯ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿತ್ತು. ರಸ್ತೆಯ ಮೇಲ್ಮೈಯ ಬಿಸಿಯಲ್ಲಿ 27.5 ಡಿಗ್ರಿಯವರೆಗೂ ವ್ಯತ್ಯಾಸವಿತ್ತು. ಟಾರಿಗೆ ಅನ್ವಯಿಸುವುದು ಅಂಗಳದ ಸಿಮೆಂಟಿಗೂ ಪಶ್ಚಿಮದ ಗೋಡೆಗೂ ಅನ್ವಯಿಸುತ್ತದೆ. ಇಲ್ಲಿ ದಿಕ್ಕಿನ ಮಾತನ್ನೂ ಹೇಳಿಬಿಡಬೇಕು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನಡುವಿನ ತಿಂಗಳುಗಳಲ್ಲಿ ಕೊಂಚ ಉತ್ತರಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಮನೆಯನ್ನು ಕಾಯಿಸುವುದು ದಕ್ಷಿಣದ ಬಿಸಿಲಿಗಿಂತ ಹೆಚ್ಚಾಗಿ ಪಡುವಣದ ಇಳಿಬಿಸಿಲು. ದಕ್ಷಿಣದಲ್ಲಿ ದಟ್ಟ ಮರವಿಟ್ಟರೆ ಅದು ಡಿಸೆಂಬರಿನ ಹಿತವಾದ ಬಿಸಿಲನ್ನು ತಡೆಯುತ್ತದೆಯೇ ಹೊರತು ಏಪ್ರಿಲ್‌ನಲ್ಲಿ ಹೆಚ್ಚು ಉಪಕಾರಕ್ಕೆ ಬರುವುದಿಲ್ಲ. ಮರ ಪಶ್ಚಿಮಕ್ಕಿರಲಿ. ವಾಸ್ತು ನೋಡುವವರೂ ಈ ಒಂದು ವಿಷಯದಲ್ಲಿ ತಕರಾರು ತೆಗೆಯುವುದಿಲ್ಲ, ಅದೊಂದು ಸಮಾಧಾನ.

ಎರಡನೆಯ ಆಕ್ಷೇಪಣೆ ರಸಿಕರದು: ಬರೀ ಹಸಿರು ನೋಡಿಕೊಂಡು ಇರಬೇಕೇ, ಋತುವಿನ ಬೆಡಗೆಲ್ಲಿ? ಎಲೆಗೆ ಋತುವಿಲ್ಲ ಎಂದುಕೊಂಡವರಷ್ಟೇ ಹೀಗೆ ಕೇಳುತ್ತಾರೆ. ಹೊಂಗೆಯನ್ನೇ ತೆಗೆದುಕೊಳ್ಳಿ. ಫೆಬ್ರುವರಿ, ಮಾರ್ಚ್‌ನಲ್ಲಿ ಹಳೆಯ ಎಲೆ ಹಳದಿಯಾಗಿ ಒಟ್ಟಿಗೇ ಉದುರುತ್ತದೆ. ಕಡ್ಡಿ ಒಣಗಿತೇನೋ ಎನ್ನುವಷ್ಟರಲ್ಲಿ, ಯುಗಾದಿಯ ಹೊತ್ತಿಗೆ, ಎಣ್ಣೆ ಸವರಿದಂಥ ಎಳೆಹಸಿರು ಮರವನ್ನು ಮುಚ್ಚಿಬಿಡುತ್ತದೆ. ಭೂಮಿ ಕಾದು ನಿಂತಿದೆ, ಮಳೆಗೆ ಇನ್ನೂ ತಿಂಗಳುಗಳಿವೆ, ಆಗ ಹೊಸ ಎಲೆ! ವಿಚಿತ್ರವೆನಿಸುವ ಈ ನಡತೆಗೆ ಕಾರಣವನ್ನು ಕೆ.ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಮುದುಮಲೈ ಕಾಡಿನಲ್ಲಿ ಹುಡುಕಿದರು. 1993ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮಳೆಗೆ ಮೊದಲೇ ಚಿಗುರಿದ ಮರಗಳ ಎಲೆಗಳು ಮಳೆ ಬಿದ್ದ ಮೇಲೆ ಚಿಗುರಿದವಕ್ಕಿಂತ ಕಡಿಮೆ ಹುಳುಕಾಟ ಅನುಭವಿಸಿದ್ದವು. ಮಳೆಯೊಂದಿಗೆ ಹುಳುಗಳ ಸೇನೆ ಏಳುವ ಮೊದಲೇ ಎಲೆ ಬಲಿತುಬಿಡಬೇಕು ಎಂಬ ಅವಸರ ಅದು. ಈ ಅವಸರದ ಲಾಭ ನಮಗೆ: ನೆರಳು ಬೇಕಾದ ತಿಂಗಳಲ್ಲೇ ಮರ ತುಂಬಿಕೊಳ್ಳುತ್ತದೆ, ನಂತರ ಅದರ ಮೇಲೆ ತೆಳುನೇರಳೆ ಹೂವೂ ಬರುತ್ತದೆ. ಹೂ ಚಿಕ್ಕದು, ಫೋಟೊಕ್ಕೆ ಸಿಗುವುದಿಲ್ಲ. ಆದರೆ ಬೆಳಗಿನಲ್ಲಿ ಮರದಡಿ ನಿಂತರೆ ಜೇನಿನ ಝೇಂಕಾರ ಕೇಳುತ್ತದೆ, ನೆಲದ ಮೇಲೆ ಹೂವಿನ ಹಾಸು ಬಿದ್ದಿರುತ್ತದೆ.

ಬಣ್ಣವೇ ಬೇಕೆಂದರೆ ಚಿಗುರಿನಲ್ಲಿ ಬಣ್ಣಕ್ಕೆ ಬರವಿಲ್ಲ. ಮಾವಿನ ಚಿಗುರು ಕಂದುಗೆಂಪು, ಅರಳಿಯದು ತಾಮ್ರ, ನಾಗಸಂಪಿಗೆಯದು ನಸುಗೆಂಪು, ಕಾಡಿನ ಸಾಗಡೆಯದಂತೂ ಹೂವೇ ಅರಳಿದೆಯೇನೋ ಎನ್ನುವಂಥ ಕೆಂಪು. ಎಳೆಯ ಎಲೆಯಲ್ಲಿ ಹರಿತ್ತು ತುಂಬುವ ಮೊದಲು ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ತುಂಬಿರುತ್ತದೆ. ತೀವ್ರ ಬಿಸಿಲಿನಿಂದಲೂ ಹುಳುಗಳಿಂದಲೂ ಅದು ಎಲೆಯನ್ನು ಕಾಪಾಡುತ್ತದೆ ಎಂಬ ವಿವರಣೆಗಳಿವೆ. ಬಾದಾಮಿ ಮರ ಇದನ್ನು ತಿರುವುಮುರುವಾಗಿ ಮಾಡುತ್ತದೆ, ಉದುರುವ ಮುನ್ನ ಕೆಂಪಾಗುತ್ತದೆ. ನನ್ನ ಮಟ್ಟಿಗೆ ಇವೆಲ್ಲದರ ಮೇಲೆ ಸೀತಾ ಅಶೋಕ. ಅದರ ಚಿಗುರು ಗೊಂಚಲಾಗಿ, ಸತ್ವವಿಲ್ಲದಂತೆ ಜೋತುಬಿದ್ದು ತೂಗುತ್ತಿರುತ್ತದೆ, ಕೆಲವು ವಾರಗಳಲ್ಲಿ ಗಟ್ಟಿಯಾಗಿ ಹಸಿರಾಗುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಕಿತ್ತಳೆಯಿಂದ ಕೆಂಪಿಗೆ ತಿರುಗುವ ಹೂಗೊಂಚಲುಗಳು ಹಳೆಯ ಕೊಂಬೆಗಳಿಗೇ ಅಂಟಿಕೊಂಡು ಅರಳುತ್ತವೆ, ಅದೂ ಎಲೆ ತುಂಬಿದ ಮರದಲ್ಲಿ. ಹೂವೂ ನೆರಳೂ ಒಂದೇ ತಿಂಗಳಿಗೆ ಕೊಡುವ, ಚಿಕ್ಕ ಸೈಟಿಗೆ ಹೊಂದುವ ಗಾತ್ರದ ಮರ ಇದಕ್ಕಿಂತ ಒಳ್ಳೆಯದು ನಮ್ಮ ನಾಡಿನಲ್ಲಿ ಇಲ್ಲ. ನರ್ಸರಿಯಲ್ಲಿ ಬರೀ ‘ಅಶೋಕ’ ಎಂದರೆ ಕಾಂಪೌಂಡಿನ ಉದ್ದಕ್ಕೆ ಸಿಪಾಯಿಗಳ ಹಾಗೆ ನಿಲ್ಲಿಸುವ, ನೆರಳೇ ಬೀಳದ ಆ ನೀಳ ಮರವನ್ನು ಕೊಟ್ಟು ಕಳಿಸುತ್ತಾರೆ. ‘ಸೀತಾ ಅಶೋಕ’ ಎಂದು ಬಿಡಿಸಿ ಕೇಳಿ. ಪಶ್ಚಿಮಘಟ್ಟದ ಕಾಡುಗಳಲ್ಲಿ ಇದು ಕಡಿಮೆಯಾಗುತ್ತಿದೆ, ಅಪಾಯದ ಅಂಚಿನ ಪಟ್ಟಿಯಲ್ಲಿದೆ. ಅಂಗಳದಲ್ಲಿ ಬೆಳೆಸಲು ಅದೂ ಒಂದು ಕಾರಣ.

ಕಸದ ದೂರು ಉಳಿಯಿತು. ಹೊಂಗೆ ಎಲೆ ಉದುರಿಸುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ, ಪಕ್ಕದ ಮನೆಯವರು ಗೊಣಗುತ್ತಾರೆ. ನಿಜವೇ. ಆದರೆ ಎಲೆ ಉದುರಿಸದ ಮರ ಎಲ್ಲಿಯೂ ಇಲ್ಲ. ನಿತ್ಯಹಸಿರು ಮರ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರಿಸುತ್ತದೆ, ಹೊಂಗೆ ಎರಡು ಮೂರು ವಾರದಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ. ಸಾರಜನಕ ಹಿಡಿದಿಡುವ ಜಾತಿಯ ಮರವಾದ್ದರಿಂದ ಅದರ ಸೊಪ್ಪನ್ನು ನಮ್ಮ ರೈತರು ಗದ್ದೆಗೆ ತುಳಿಸುತ್ತಿದ್ದರು. ಅಂಥದ್ದನ್ನು ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕುವುದು ದಡ್ಡತನ. ಹೊಂಗೆಗೆ ದೋಷವಿಲ್ಲವೆಂದಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ನುಸಿ ಕಚ್ಚಿ ಎಲೆಯ ಮೇಲೆ ಗಂಟುಗಳೇಳುತ್ತವೆ, ಹುಳು ಕೊರೆದ ಬಿಳಿ ಗೆರೆಗಳು ಮೂಡುತ್ತವೆ, ನವೆಂಬರಿನ ಹೊಂಗೆ ಚೆಲುವಾದ ಮರವೇನಲ್ಲ. ಬೇರೂ ಕೊಂಬೆಯೂ ದೊಡ್ಡದಾಗುತ್ತವೆ, ಗೋಡೆಗೆ ತಾಗಿಸಿ ನೆಡುವಂತಿಲ್ಲ. ಇನ್ನು ಸ್ವದೇಶಿ-ವಿದೇಶಿ ಜಗಳಕ್ಕೆ ನಾನು ಹೋಗುವುದಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನದು ಎಂಬುದಕ್ಕಿಂತ ಮುಂಗಾರಿಗೆ ಮೊದಲಿನ ಗಾಳಿಗೆ ಅದರ ಕೊಂಬೆ ಮುರಿಯುತ್ತದೆ ಎಂಬುದು ನನಗೆ ದೊಡ್ಡ ಕಾರಣ. ಅಪ್ಪಟ ನಮ್ಮದೇ ಆದ ಮುತ್ತುಗ ಕೂಡ ಮಾರ್ಚ್‌ನಲ್ಲಿ ಬೋಳಾಗಿರುತ್ತದೆ ಎಂಬುದನ್ನು ಮರೆಯಬಾರದು.

ಈ ಲೆಕ್ಕ ಊರಿಂದ ಊರಿಗೆ ಬದಲಾಗುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಸೀತಾ ಅಶೋಕದ ಎಳೆಯ ಸಸಿ ಸುಟ್ಟುಹೋಗುತ್ತದೆ. ಅಲ್ಲಿ ಬೇವಿಗೆ ಎದುರಿಲ್ಲ. ಅದೂ ಯುಗಾದಿಗೆ ಸರಿಯಾಗಿ ಹೊಸ ಎಲೆ, ಹೂ ಎರಡನ್ನೂ ತರುತ್ತದೆ. ಕರಾವಳಿಯಲ್ಲಿ ಸುರಗಿ ನೋಡಿ: ದಟ್ಟ ನಿತ್ಯಹಸಿರು, ಎಲೆಯ ಮರೆಯಲ್ಲಿ ಕೊಂಬೆಗೆ ಅಂಟಿದ ಹೂ, ಒಣಗಿದ ಮೇಲೂ ಉಳಿಯುವ ಪರಿಮಳ. ಅನಂತಮೂರ್ತಿಯವರು ತಮ್ಮ ಆತ್ಮಕಥೆಗೆ ಆ ಹೂವಿನ ಹೆಸರನ್ನೇ ಇಟ್ಟರು. ಮಲೆನಾಡಿನಲ್ಲಿ ಮಾತ್ರ ನನ್ನ ವಾದ ತಲೆಕೆಳಗು. ಅಲ್ಲಿ ಕೊರತೆಯಿರುವುದು ಬೆಳಕಿಗೆ. ಅಂಗಳವನ್ನು ಬಯಲಾಗಿಟ್ಟು ಮಳೆಗಾಲಕ್ಕೆ ಡೇರೆ ಬೆಳೆಸುವ ಅಲ್ಲಿನ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಮರ ಬೆಳೆದು ನೆರಳು ಬಿದ್ದ ಮೇಲೆ ಅದರಡಿ ಗುಲಾಬಿ, ಸೇವಂತಿಗೆ ನೆಟ್ಟು ಕೊರಗುವವರಿದ್ದಾರೆ. ಅವಕ್ಕೆ ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು, ಮರದಡಿ ಸಿಗುವುದಿಲ್ಲ. ಕ್ರೋಟನ್ ಕೂಡ ನೆರಳಿನಲ್ಲಿ ಬದುಕುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ. ಮರದಡಿಯ ಋತು ಮಳೆಗಾಲ ಎಂದು ಒಪ್ಪಿಕೊಂಡರೆ ಆಯ್ಕೆ ಸುಲಭ. ಮೊದಲ ಮಳೆ ಬಿದ್ದೊಡನೆ ನೆಲದಿಂದ ನೇರವಾಗಿ ಕೆಂಪು ಚೆಂಡನ್ನು ಎತ್ತುವ ಫುಟ್‌ಬಾಲ್ ಲಿಲ್ಲಿ, ಅದರ ಹಿಂದೆಯೇ ಏಳುವ ಕ್ಯಾಲಾಡಿಯಂ, ಆಷಾಢಕ್ಕೆ ಕೆಸು (ಪತ್ರೊಡೆಗೂ ಆಯಿತು), ಶ್ರಾವಣದಿಂದ ಸಂಜೆ ಪರಿಮಳ ಬೀರುವ ಬಿಳಿ ಸುಗಂಧಿ. ಇವೆಲ್ಲ ಗೆಡ್ಡೆಯವು, ಒಣ ತಿಂಗಳು ಬಂದಂತೆ ಸೊರಗಿ ಮಲಗುತ್ತವೆ. ಹೊಂಗೆಯ ಎಲೆ ಅವುಗಳ ಮೇಲೆ ಬಿದ್ದು ಹೊದಿಕೆಯಾಗುತ್ತದೆ, ಗುಡಿಸದೆ ಬಿಟ್ಟರೆ ಸಾಕು. ಖಾಲಿಯಾಗಿ ಕಾಣಬಾರದೆನ್ನುವವರು ನಡುವೆ ಜರೀಗಿಡ, ಡ್ರಸೀನಾ ಸೇರಿಸಿಕೊಳ್ಳಲಿ. ನಾನಾದರೆ ನಾಲ್ಕು ತಿಂಗಳು ಖಾಲಿ ನೆಲವನ್ನೇ ಇಷ್ಟಪಡುತ್ತೇನೆ: ಅದಿಲ್ಲದೆ ಮೇ ತಿಂಗಳ ಆ ಕೆಂಪು ಚೆಂಡಿಗೆ ಏನು ಬೆಲೆ?

ಇಷ್ಟು ಹೇಳಿದ ಮೇಲೂ ದೊಡ್ಡ ಹೂವೇ ಬೇಕು ಎಂದು ಪಟ್ಟು ಹಿಡಿಯುವವರಿಗೆ ಹೊಳೆದಾಸವಾಳವಿದೆ. ಅದು ಮೊದಲು ಎಲೆ ತುಂಬಿಕೊಂಡು ಆಮೇಲೆ ನೇರಳೆ ಹೂ ಬಿಡುವ ಸಭ್ಯ ಮರ. ಹೆಸರಿಗೆ ತಕ್ಕಂತೆ ನೀರು ಕೇಳುತ್ತದೆ, ಅಷ್ಟೇ. ಯಾವುದನ್ನೇ ಆರಿಸಿ, ಮೇ ತಿಂಗಳಲ್ಲೇ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ, ಗೋಡೆಯಿಂದ ಸಾಧ್ಯವಾದಷ್ಟು ದೂರದಲ್ಲಿ. ಜೂನ್‌ನ ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿ ಸಸಿ ನೆಡಿ. ಸೀತಾ ಅಶೋಕವಾದರೆ ಮೊದಲ ಎರಡು ಬೇಸಿಗೆ ತೆಂಗಿನ ಗರಿಯ ಮರೆ ಕಟ್ಟಿ, ನೀರು ತಪ್ಪಿಸಬೇಡಿ. ಕೊಳ್ಳುವ ಮುನ್ನ ನಿಮ್ಮ ಊರಿನಲ್ಲಿ ಅದೇ ಜಾತಿಯ ಬೆಳೆದ ಮರವೊಂದನ್ನು ಹುಡುಕಿ, ಮಾರ್ಚ್ ಕೊನೆಯ ವಾರ ಮಧ್ಯಾಹ್ನ ಮೂರು ಗಂಟೆಗೆ ಅದರ ಕೆಳಗೆ ಹತ್ತು ನಿಮಿಷ ನಿಂತು ಬನ್ನಿ.