ಶೃಂಗೇರಿಯ ವಿದ್ಯಾಶಂಕರ ದೇವಾಲಯ: ‘ಮಿಶ್ರಶೈಲಿ’ ಎಂಬ ಮಾತಿನ ವಿಮರ್ಶೆ

ತುಂಗಾತೀರದ ಶೃಂಗೇರಿಯಲ್ಲಿ ಕ್ರಿ. ಶ. 14ನೆಯ ಶತಮಾನದಲ್ಲಿ ನಿರ್ಮಿತವಾದ ವಿದ್ಯಾಶಂಕರ ದೇವಾಲಯವನ್ನು ಹೊಯ್ಸಳ-ದ್ರಾವಿಡ ಮಿಶ್ರಶೈಲಿಯದೆಂದು ವರ್ಣಿಸುವುದು ವಾಡಿಕೆ. ಎತ್ತರದ ಜಗತಿಯೂ ಶಿಲ್ಪಪಟ್ಟಿಕೆಗಳೂ ಹೊಯ್ಸಳ ಸಂಪ್ರದಾಯದವು, ಶಿಖರವು ದ್ರಾವಿಡ ಪದ್ಧತಿಯದು ಎಂಬುದು ನಿಜವೇ. ಆದರೆ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಬಾಗಿದ ತಲವಿನ್ಯಾಸವಾಗಲಿ, ದ್ವಾದಶ ರಾಶಿಗಳನ್ನು ತಳೆದ 12 ಮಂಟಪಸ್ತಂಭಗಳಾಗಲಿ ಈ ಕೂಡಿಕೆಯಿಂದ ವಿಶದವಾಗುವುದಿಲ್ಲ. ಕಾಂಬೋಜದ ಆದಿ ಖ್ಮೇರ್ ಕಲೆಯ ವಿವೇಚನೆಯಲ್ಲಿಯೂ ಇಂಥದೇ ಕೊರತೆಯುಂಟು: 7ನೆಯ ಶತಮಾನದ ಸಂಬೋರ್ ಪ್ರೇ ಕುಕ್‌ನ ಇಟ್ಟಿಗೆಯ ಅಷ್ಟಕೋನ ಗುಡಿಗಳನ್ನು ಭಾರತೀಯ ಕಲೆಯ ಅನುಕರಣವೆಂದಷ್ಟೇ ಕರೆದರೆ, ಅಲ್ಲಿಯ ಶಿಲ್ಪಿಗಳು ಆ ಆಕಾರವನ್ನು ಆರಿಸಿ ತಮ್ಮದಾಗಿಸಿಕೊಂಡ ಬಗೆ ಮರೆಯಾಗುತ್ತದೆ. ಮೂಲವನ್ನು ಗುರುತಿಸುವುದು ವಿಮರ್ಶೆಯ ಮೊದಲ ಮೆಟ್ಟಿಲು. ರಾಶಿಚಕ್ರವನ್ನು ಮಂಟಪದೊಳಗೆ ನಿಲ್ಲಿಸಿದ ಶೃಂಗೇರಿಯ ಸ್ಥಪತಿಯ ಸಂಕಲ್ಪವನ್ನು ವಿವರಿಸುವ ಕಾರ್ಯ ಅದರ ಮುಂದಿನದು.